ಕಾಗದದ ಹಿಂಬದಿ

ಕಾಂತರಾಜ ಅರಸರ ತಿಥಿ ಕಾಗದ ಬಂತು.
ಮುಂಬದಿಯಲ್ಲಿ ಫೋಟೊ, ಕಪ್ಪು ಅಂಚು,
ರಾಜಾಜಿನಗರದ ಛತ್ರದ ವಿಳಾಸ.
ಹಿಂಬದಿ ಖಾಲಿ.
ಅವರಾಗಿದ್ದರೆ ಮೊದಲು ತಿರುಗಿಸಿ ನೋಡುತ್ತಿದ್ದದ್ದು
ಈ ಖಾಲಿಯನ್ನೇ.

ಮದುವೆಯ ಕರೆಯೋಲೆ, ಕಳೆದ ತಿಂಗಳ ಕ್ಯಾಲೆಂಡರ್ ಹಾಳೆ,
ಔಷಧಿ ಅಂಗಡಿಯ ಚೀಟಿ,
ಬೆನ್ನು ಬಿಳಿಯಾಗಿದ್ದರೆ ಸಾಕು, ಅದೇ ಪಾಠಶಾಲೆ.
ನಡುವೆ ಒಂದು ಗೆರೆ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು.
ಸ್ಕೇಲಿಲ್ಲದೆಯೂ ನೆಟ್ಟಗೆ ಬರುತ್ತಿತ್ತು ಆ ಗೆರೆ:
ಹತ್ತೊಂಬತ್ತು ವರ್ಷ ಜಾಲಹಳ್ಳಿಯ ಕಾರ್ಖಾನೆಯಲ್ಲಿ
ಡ್ರಾಯಿಂಗ್ ಬೋರ್ಡಿನ ಮೇಲೆ ಬಾಗಿದ ಇಂಜಿನಿಯರ ಕೈ.

ಆಮೇಲೆ ಸ್ವಂತ ಷೆಡ್ಡು. ಮೂರೇ ವರ್ಷ.
ಅದು ಮುಳುಗಿದ ಕಥೆಯನ್ನು
ಪ್ರತಿ ಬ್ಯಾಚಿಗೂ ಮೊದಲ ದಿನವೇ ಹೇಳುತ್ತಿದ್ದರು,
ಎಲೆಯ ತುದಿಗೆ ಮೊದಲು ಉಪ್ಪು ಬಡಿಸುವ ಹಾಗೆ.
ಯಾರಿಗೆ ಎಷ್ಟು ಬಾಕಿ, ಬೀಗ ಯಾವ ಬ್ಯಾಂಕಿನದು,
ಹೆಂಡತಿಯ ಅಡ್ಡಿಕೆ ಎಷ್ಟು ಗ್ರಾಂ.
"ಹೆಸರಲ್ಲಿ ಅರಸು ನೋಡ್ರಪ್ಪ,
ಸಿಂಹಾಸನ ಈ ಸ್ಟೂಲು."
ನಾವು ನಕ್ಕೆವು. ಅವರು ಬೋರ್ಡಿಗೆ ತಿರುಗಿದರು.

ಸಂಜೆ ಆರೂವರೆಯ ಕ್ಲಾಸು.
ಬಿಲ್ಲು ಕೇಳಲು ಹೋಗಿ ಬೈಗುಳ ತಿಂದು ಬಂದವರೇ ಎಲ್ಲ:
ಪ್ಲೇಟಿಂಗಿನ ಜಬ್ಬಾರ್, ರಟ್ಟಿನ ಪೆಟ್ಟಿಗೆಯ ಲೂರ್ದು ಮೇರಿ,
ಕೊನೆಯ ಬೆಂಚಿನಲ್ಲಿ ಉಗುರ ಸಂದಿಗೆ ಆಯಿಲು ಮೆತ್ತಿದ ನಾನು,
ಪೀಣ್ಯ ಎರಡನೇ ಹಂತದ ಸ್ಪ್ರಿಂಗಿನವಳು.

"ಟಾಲರೆನ್ಸ್ ಅಂದರೆ?"
ಸಹನೆ ಸಾರ್, ಅಂದೆ.
"ಅಲ್ಲ. ಎಷ್ಟು ತಪ್ಪಬಹುದು ಅಂತ
ಮೊದಲೇ ಡ್ರಾಯಿಂಗಿನಲ್ಲಿ ಬರೆದುಕೊಡೋ ಮರ್ಯಾದೆ."

ಒಂದು ರಾತ್ರಿ ನನ್ನ ಲೆಕ್ಕ ನೋಡಿದರು.
ತಂತಿ, ಬಾಡಿಗೆ, ಕರೆಂಟು, ಹುಡುಗರ ಸಂಬಳ,
ಆಯುಧಪೂಜೆಯ ಬೂದುಗುಂಬಳ ಕೂಡ ಇತ್ತು.
ಕನ್ನಡಕ ಹಣೆಗೇರಿಸಿ
"ಎಲ್ಲ ಸರಿ. ನಿನ್ನ ಕೂಲಿ ಎಲ್ಲಮ್ಮ?"

ನವರಂಗ್ ಸರ್ಕಲ್ಲಿನವರೆಗೆ ನಡೆದೆ.
ಒಂದು ಬಸ್ಸು ಬಿಟ್ಟೆ, ಇನ್ನೊಂದು ಬಿಟ್ಟೆ.
ಹನ್ನೊಂದು ವರ್ಷ. ದಿನಕ್ಕೆ ಹದಿನಾಲ್ಕು ಗಂಟೆ.
ಗಂಡ ಕೇಳದ, ಅಮ್ಮ ಕೇಳದ,
ನನಗೆ ನಾನೇ ಕೇಳಿಕೊಳ್ಳದ ಪ್ರಶ್ನೆ
ಕೈಯಲ್ಲಿತ್ತು, ಲೈಟ್ ಬಿಲ್ಲಿನ ಹಿಂದೆ, ಪೆನ್ಸಿಲಿನಲ್ಲಿ.

ಬೆಳಗ್ಗೆ ಬರೆದೆ: ಸ್ವಂತ ಕೂಲಿ.
ನಾಚಿಕೆಯಾಗಿ ಅಳಿಸಿದೆ. ಮತ್ತೆ ಬರೆದೆ.
ಸ್ಪ್ರಿಂಗಿಗೆ ನಲವತ್ತು ಪೈಸೆ ಏರಿತು.
ಒಬ್ಬ ಗಿರಾಕಿ ಓಡಿದ.
ಉಳಿದವರು ಮೊದಲ ಸಲ ಮೇಡಂ ಅಂದರು.

ದೇವರೇನಲ್ಲ ಅವರು. ಸಿಟ್ಟು ಬಂದರೆ ಡಸ್ಟರು ಹಾರುತ್ತಿತ್ತು.
ಎರಡನೇ ಷೆಡ್ಡು ಬೇಡ ಅಂದರು. ಹಾಕಿದೆ. ನಡೆಯಿತು.
ಎರಡು ವರ್ಷ ಮಾತು ಬಿಟ್ಟರು.
ಮೂರನೆಯ ವರ್ಷ ಹೇಳದೆ ಕೇಳದೆ ಬಂದು
ಜೇಬಿನಿಂದ ಮೈಕ್ರೋಮೀಟರ್ ತೆಗೆದು
ಟ್ರೇಯಲ್ಲಿದ್ದ ಸ್ಪ್ರಿಂಗೊಂದರ ತಂತಿ ಅಳೆದು
"ನಾನು ತಪ್ಪಿದ್ದೆ," ಅಂದರು,
"ಆದರೆ ಟಾಲರೆನ್ಸಿನ ಒಳಗೆ."
ಕಾಫಿ ಕುಡಿದು ಹೋದರು.

ಛತ್ರದಲ್ಲಿ ಮಾತಾಡಿದವರೆಲ್ಲ ದೊಡ್ಡವರು.
ಮಾರ್ಗದರ್ಶಕ, ದಾರ್ಶನಿಕ, ಇನ್ನೂ ಏನೇನೋ.
ಕೇಳಿಸಿಕೊಂಡಿದ್ದರೆ
ಒಂದೊಂದು ಪದಕ್ಕೂ ರಸೀದಿ ಕೇಳುತ್ತಿದ್ದರು.
ನಾನು ಮೈಕಿನ ಹತ್ತಿರ ಹೋಗಲಿಲ್ಲ.

ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹುಡುಗಿ
ಅವರ ಕೊನೆಯ ಬ್ಯಾಚಂತೆ. ಕಮ್ಮಗೊಂಡನಹಳ್ಳಿಯಲ್ಲಿ
ಸೋಪು ಮಾಡುತ್ತಾಳಂತೆ. ಮಾಲೆಲ್ಲ ಖರ್ಚಾಗುತ್ತದಂತೆ,
ಆದರೂ ಕೈಯಲ್ಲಿ ಏನೂ ನಿಲ್ಲದಂತೆ.

ಎಲೆಯ ಮೇಲೆ ಉಪ್ಪು ಬಿತ್ತು.
ಚೀಲದಿಂದ ತಿಥಿ ಕಾಗದ ತೆಗೆದೆ, ತಿರುಗಿಸಿದೆ,
ನಡುವೆ ಗೆರೆ ಎಳೆದೆ. ಸೊಟ್ಟಗಾಯಿತು.
ಇರಲಿ, ಹೇಳು, ಅಂದೆ.
ಎಣ್ಣೆ ಎಷ್ಟರದು?